ಅರ್ಧ ಎಂ.ಎಲ್. ಕೈಗುಣ

ನಮ್ಮ ಆಸ್ಪತ್ರೆಯಲ್ಲಿ ನನ್ನ ಕೈಗುಣದ ಬಗ್ಗೆ ಯಾರನ್ನು ಕೇಳಿದರೂ ಒಂದು ಕಾಲದಲ್ಲಿ ಹತ್ತು ನಿಮಿಷ ಹೇಳುತ್ತಿದ್ದರು. ಕೆಲವರು ಈಗಲೂ ಹೇಳುತ್ತಾರಂತೆ. ಪಾಪ, ಅವರಿಗೆ ವಿಷಯ ಗೊತ್ತಿಲ್ಲ. ಗೊತ್ತಿರುವವರು ನಾನು ಎದುರಾದರೆ ಮೊಬೈಲ್ ನೋಡುತ್ತಾ ಸರಿದು ಹೋಗುತ್ತಾರೆ. ಇವೆರಡರಲ್ಲಿ ಯಾವಾಗ ಹೆಚ್ಚು ನಾಚಿಕೆಯಾಗುತ್ತದೆ ಎಂದರೆ, ಹೊಗಳುವವರು ಸಿಕ್ಕಾಗಲೇ.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷ ಅದೇ ಕೆಲಸ. ಕಿಡ್ನಿ ಕೈಕೊಟ್ಟವರ ತೋಳಿಗೆ ಎರಡು ಸೂಜಿ ಚುಚ್ಚಿ, ಪೈಪಿನಲ್ಲಿ ರಕ್ತವನ್ನು ಹೊರಗೆ ತಂದು, ಫಿಲ್ಟರಿನಲ್ಲಿ ತೊಳೆದು ವಾಪಸ್ ಮೈಗೆ ಕಳಿಸುವುದು. ನಾಲ್ಕು ಗಂಟೆಯ ಕೆಲಸ, ವಾರಕ್ಕೆ ಮೂರು ಸಲ. ಕೇಳೋಕೆ ಸುಲಭ. ಆದರೆ ರಕ್ತ ಮೈ ಬಿಟ್ಟು ಪ್ಲಾಸ್ಟಿಕ್ ಮುಟ್ಟಿತೆಂದರೆ ಸಾಕು, ಹೆಪ್ಪುಗಟ್ಟೋಕೆ ನೋಡುತ್ತದೆ. ಅದು ಹೆಪ್ಪುಗಟ್ಟದಿರಲಿ ಅಂತ ಹೆಪಾರಿನ್ ಎಂಬ ಔಷಧಿ ಕೊಡುತ್ತೇವೆ. ಎಲ್ಲರಿಗೂ ಕೊಡುತ್ತೇವೆ, ಒಂದು ಜಾತಿಯ ರೋಗಿಗಳನ್ನು ಬಿಟ್ಟು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವವರು, ಆಗಷ್ಟೇ ಆಪರೇಷನ್ ಆದವರು, ತಲೆಗೆ ಪೆಟ್ಟು ಬಿದ್ದವರು, ಇವರಿಗೆ ಹೆಪಾರಿನ್ ಕೊಟ್ಟರೆ ಸೋರುವ ಜಾಗ ಇನ್ನಷ್ಟು ಸೋರುತ್ತದೆ. ಅಂಥವರಿಗೆ ಬರೀ ಸಲೈನ್. ಹದಿನೈದು ನಿಮಿಷಕ್ಕೋ ಅರ್ಧ ಗಂಟೆಗೋ ಒಂದು ಸಲ ಪೈಪಿಗೆ ಸಲೈನ್ ಬಿಟ್ಟು ಫಿಲ್ಟರ್ ತೊಳೆಯಬೇಕು, ಬಣ್ಣ ನೋಡಬೇಕು, ಮೆಷಿನ್ನಿನ ಒತ್ತಡ ನೋಡಬೇಕು. ಇಷ್ಟೆಲ್ಲ ಮಾಡಿದರೂ ಒಮ್ಮೊಮ್ಮೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಒಂದು ಲೋಟದಷ್ಟು ರಕ್ತ ಅದರೊಳಗೇ ಹಾಳು. ಮೊದಲೇ ರಕ್ತ ಕಳೆದುಕೊಂಡವನಿಗೆ ಅದು ಗಾಯದ ಮೇಲೆ ಬರೆ.

ನನ್ನ ಕೈಯಲ್ಲಿ ಮಾತ್ರ ಎಂಟು ವರ್ಷದಿಂದ ಒಂದೇ ಒಂದು ಫಿಲ್ಟರ್ ಕಟ್ಟಿಕೊಂಡಿರಲಿಲ್ಲ. ಹೆಪಾರಿನ್ ಇಲ್ಲದವರದ್ದೂ ಕಟ್ಟಿಕೊಂಡಿರಲಿಲ್ಲ. ಕೆಲಸ ಮುಗಿದ ಮೇಲೆ ಆ ಫಿಲ್ಟರನ್ನು ಬೆಳಕಿಗೆ ಹಿಡಿದು ಮನೆಯವರಿಗೆ ತೋರಿಸುವುದು ನನ್ನ ಚಾಳಿ. ಒಂದು ಗೆರೆಯೂ ಉಳಿಯದೆ ಬೆಳ್ಳಗಿರುತ್ತಿತ್ತು. ತಲೆಗೆ ಪೆಟ್ಟುಬಿದ್ದು ಬಂದಿದ್ದ ಒಬ್ಬ ಬಸ್ ಕಂಡಕ್ಟರ್ ಮೂರನೇ ದಿನ ತೀರಿಕೊಂಡಾಗ, ಅವನ ತಾಯಿ ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡು, "ಅವನ ಆಯಸ್ಸೇ ಅಷ್ಟು, ನೀನು ಮಾತ್ರ ಕೈಬಿಡಲಿಲ್ಲ ಮಗಾ" ಅಂದಿದ್ದರು. ನಾನು ತಲೆಯಾಡಿಸಿ ಆ ಹೊಗಳಿಕೆಯನ್ನು ಜೇಬಿಗೆ ಹಾಕಿಕೊಂಡಿದ್ದೆ.

ಈಗ ಗುಟ್ಟು ಹೇಳಿಬಿಡುತ್ತೇನೆ. ರೋಗಿಗೆ ಜೋಡಿಸುವ ಮೊದಲು ಪೈಪು, ಫಿಲ್ಟರು ಎಲ್ಲವನ್ನೂ ಸಲೈನ್ ತುಂಬಿಸಿ ಸಿದ್ಧ ಮಾಡಬೇಕು. ಹೆಪಾರಿನ್ ಬೇಡ ಎಂದು ಬರೆದವರಿಗೆ ಆ ಸಲೈನಿನಲ್ಲಿ ಏನೂ ಇರಬಾರದು. ನಾನು ಅದರಲ್ಲಿ ಅರ್ಧ ಎಂ.ಎಲ್. ಹೆಪಾರಿನ್ ಬೆರೆಸುತ್ತಿದ್ದೆ, ಅದನ್ನು ಹೊರಗೆ ಚೆಲ್ಲದೆ ಹಾಗೇ ಜೋಡಿಸುತ್ತಿದ್ದೆ. ಅಷ್ಟೂ ರೋಗಿಯ ಮೈಗೆ ಹೋಗುತ್ತಿತ್ತು. ನನ್ನ ಕೈಗುಣ ಅಂದರೆ ಅಷ್ಟೇ.

ಯಾಕೆ ಮಾಡಿದೆ ಅಂದರೆ, ಎಂಟು ವರ್ಷದ ಹಿಂದೆ ಒಂದೇ ವಾರದಲ್ಲಿ ಒಬ್ಬಳೇ ರೋಗಿಯ ಎರಡು ಫಿಲ್ಟರ್ ನನ್ನ ಕೈಯಲ್ಲಿ ಕಟ್ಟಿಕೊಂಡವು. ಅವಳ ಅಣ್ಣ ಕಾರಿಡಾರಿನಲ್ಲಿ ನಿಂತು, "ಇಂಥ ಕೈ ಹಾಳಾದವನನ್ನ ಯಾಕ್ರೀ ಇಟ್ಕೊಂಡಿದೀರಿ?" ಅಂತ ಊರಿಗೆಲ್ಲ ಕೇಳುವಂತೆ ಕೂಗಿದ. ನನಗೋ ಮೂಗಿನ ತುದಿಯಲ್ಲೇ ಕೋಪ. ಆದರೆ ಆ ದಿನ ಕೋಪವೂ ಬರಲಿಲ್ಲ, ತಲೆ ತಗ್ಗಿಸಿ ನಿಂತೆ. ಇನ್ನೊಮ್ಮೆ ಹಾಗೆ ನಿಲ್ಲಬಾರದು ಅಂತ ತೀರ್ಮಾನಿಸಿದೆ. ಮುಂದಿನ ವಾರ ಕೈ ತಾನಾಗಿ ಹೆಪಾರಿನ್ ಬಾಟಲಿಗೆ ಹೋಯಿತು. ಏನೂ ಆಗಲಿಲ್ಲ. ಇಷ್ಟಕ್ಕೇನಾಗುತ್ತೆ ಅಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕಲಿತದ್ದು ಹೀಗೆ.

ಎಂಟು ತಿಂಗಳ ಹಿಂದೆ ನಮ್ಮ ಘಟಕಕ್ಕೆ ಒಬ್ಬಾಕೆ ಬಂದಳು. ನಲವತ್ತು ದಾಟಿದ ಮೇಲೆ ಈ ಕೆಲಸ ಕಲಿತವಳು, ಮಾತು ಕಡಿಮೆ. ಅಡುಗೆಮನೆಯಲ್ಲಿ ಇಡುವಂಥ ಪುಟ್ಟ ಟೈಮರ್ ಒಂದನ್ನು ಕೊರಳಿಗೆ ಹಾಕಿಕೊಂಡು ಬರುತ್ತಿದ್ದಳು. ಹೆಪಾರಿನ್ ಇಲ್ಲದ ರೋಗಿ ಸಿಕ್ಕಿದರೆ ಹದಿನೈದು ನಿಮಿಷಕ್ಕೊಮ್ಮೆ ಅದು ಟಿಣ್ ಅನ್ನಬೇಕು, ಇವಳು ಎದ್ದು ಸಲೈನ್ ಬಿಡಬೇಕು. ಆ ನಾಲ್ಕು ಗಂಟೆ ಟೀ ಕುಡಿಯಲ್ಲ, ಹರಟೆಗೆ ಬರಲ್ಲ. ನಾನೇ ಅವಳಿಗೆ ಗಡಿಯಾರ ಅಂತ ಹೆಸರಿಟ್ಟೆ. ಹೆಸರು ಅಂಟಿಕೊಂಡಿತು. ಇಷ್ಟು ಮಾಡಿಯೂ ಎಂಟು ತಿಂಗಳಲ್ಲಿ ಅವಳ ಮೂರು ಫಿಲ್ಟರ್ ಕಟ್ಟಿಕೊಂಡಿದ್ದವು.

"ಗಡಿಯಾರಮ್ಮಾ, ರಕ್ತಕ್ಕೆ ಗಂಟೆ ನೋಡೋಕೆ ಬರಲ್ಲ ಕಣಮ್ಮ," ಅಂತ ಎಲ್ಲರ ಎದುರು ಕಾಲೆಳೆಯುತ್ತಿದ್ದೆ.

ಒಂದು ದಿನ ಅವಳು ನೋಟ್‌ಬುಕ್ ಹಿಡಿದುಕೊಂಡು ಬಂದಳು. "ಅಣ್ಣಾ, ನೀವು ಹೆಂಗ್ ಮಾಡ್ತೀರಿ ಹೇಳ್ಕೊಡಿ. ನನ್ ಕೈಲಿ ಎಲ್ಲೋ ತಪ್ಪಾಗ್ತಿದೆ."

"ಅದೆಲ್ಲ ಬರ್ಕೊಳೋದಲ್ಲಮ್ಮ, ಕೈಗೆ ಗೊತ್ತಾಗ್ಬೇಕು," ಅಂದೆ.

ಅವಳು ಅದನ್ನೂ ಬರೆದುಕೊಂಡಳು. ಈಗ ನೆನೆದರೆ ಮೈ ಹಿಡಿಯಾಗುತ್ತದೆ.

ಇನ್ನು ಟೈಲರ್ ವಿಷಯ. ನಾಲ್ಕು ವರ್ಷದಿಂದ ನಮ್ಮಲ್ಲಿಗೆ ಬರುವ ರೋಗಿ, ಅರವತ್ತೈದು ದಾಟಿದವರು. ಅವರಿಗೆ ಟೇಪು ಬೇಕಿಲ್ಲ, ಕಣ್ಣಲ್ಲೇ ಅಳತೆ ತೆಗೆಯುತ್ತಾರೆ. ನಮ್ಮ ಘಟಕದ ಡಾಕ್ಟರಮ್ಮನಿಗೆ ಒಂದು ಸಲ, "ನಿಮ್ ಕೋಟಿನ ಕೈ ಮುಕ್ಕಾಲು ಇಂಚು ಉದ್ದ ಆಯ್ತು, ಬಿಚ್ಚಿ ಕೊಡಿ, ಮಲ್ಕೊಂಡಿರೋ ಹೊತ್ತಲ್ಲೇ ಮಡಚಿ ಹೊಲೀತೀನಿ, ಒಂದು ಕೈ ಖಾಲಿ ಇದೆಯಲ್ಲ" ಅಂದಿದ್ದರು. ನನ್ನನ್ನು ನೋಡಿದ ಮೊದಲ ದಿನವೇ, "ನಿಮ್ ಎಡಭುಜ ಬಲಕ್ಕಿಂತ ಅರ್ಧ ಇಂಚು ಕೆಳಗಿದೆ, ಯಾರೂ ಹೇಳಿಲ್ವಾ?" ಅಂದರು. ಯಾರೂ ಹೇಳಿರಲಿಲ್ಲ. ಕಳೆದ ವರ್ಷ ಒಂದು ಬಿಳಿ ಅಂಗಿ ಹೊಲಿದು ತಂದು ಕೊಟ್ಟರು. ಎಡಭುಜದ ಒಳಗೆ ತೆಳ್ಳಗೆ ಪಟ್ಟಿ ಇಟ್ಟು ಹೊಲಿದಿದ್ದರು. ಹಾಕಿಕೊಂಡರೆ ಎರಡೂ ಭುಜ ಸಮ. "ಕೈಗುಣ ಇರೋ ಮನುಷ್ಯನ ಐಬು ಜನಕ್ಕೆ ಕಾಣಬಾರದು," ಅಂತ ನಕ್ಕಿದ್ದರು. ಆ ಅಂಗಿಯನ್ನು ವಾರಕ್ಕೆರಡು ಸಲ ಹಾಕುತ್ತಿದ್ದೆ.

ಒಂದು ಭಾನುವಾರ ಅವರಿಗೆ ರಕ್ತವಾಂತಿಯಾಯಿತು. ಹೊಟ್ಟೆಗೆ ಕ್ಯಾಮೆರಾ ಬಿಟ್ಟು ನೋಡಿದರೆ ಹುಣ್ಣು. ಒಳಗೇ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಡಾಕ್ಟರಮ್ಮ ಅವರ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ, ಅಡಿಗೆರೆ ಎಳೆದು, ಹೆಪಾರಿನ್ ಬೇಡ ಎಂದು ಬರೆದರು. ಸೋಮವಾರದ ಡಯಾಲಿಸಿಸ್ ನನ್ನ ಪಾಳಿಗೆ ಬಂತು. ಆ ಕೆಂಪು ಅಕ್ಷರ ಓದಿಯೇ ಅರ್ಧ ಎಂ.ಎಲ್. ಎಳೆದುಕೊಂಡೆ. ಕೆಲಸ ಮುಗಿದಾಗ ಫಿಲ್ಟರ್ ಬೆಳ್ಳಗಿತ್ತು. ಟೈಲರ್ ಹೆಂಡತಿಗೆ ಬೆಳಕಿಗೆ ಹಿಡಿದು ತೋರಿಸಿದೆ. ಆಕೆ ಕೈಮುಗಿದರು.

ಮಂಗಳವಾರ ಅವರ ಮಲ ಡಾಂಬರಿನಂತೆ ಕಪ್ಪಗಾಯಿತು. ಒಳಗೆ ಮತ್ತೆ ಸೋರುತ್ತಿದೆ ಎಂದು ಅರ್ಥ. ಬುಧವಾರ ಬೆಳಿಗ್ಗೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಹೆಪ್ಪುಗಟ್ಟುವ ಶಕ್ತಿ ಸರಿಯಾಗೇ ಇತ್ತು. ಇರದೆ ಏನು, ನಾನು ಹಾಕಿದ ಮದ್ದು ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ, ಕಳ್ಳ ಬಂದು ಹೋದ ಮೇಲೆ ಬಾಗಿಲು ನೋಡಿದಂತೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಹುಣ್ಣು ಅಂದಮೇಲೆ ಸೋರುತ್ತೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಬುಧವಾರದ ಪಾಳಿ ಗಡಿಯಾರದ್ದು. ನಾನು ಬದುಕಿಕೊಂಡೆ ಅಂದುಕೊಂಡೆ. ಅಷ್ಟರಲ್ಲಿ ಟೈಲರ್ ಹೆಂಡತಿ ಡಾಕ್ಟರಮ್ಮನ ಹತ್ತಿರ ಹೋಗಿ, "ಅಮ್ಮಾ, ಆ ಅಣ್ಣನೇ ಮಾಡ್ಲಿ, ಇವರಿಗೆ ರಕ್ತ ಕಳ್ಕೊಳ್ಳೋ ಶಕ್ತಿ ಇಲ್ಲ," ಅಂತ ಗೋಗರೆದರು. ಡಾಕ್ಟರಮ್ಮ ಒಪ್ಪಿದರು. ಅಷ್ಟೇ ಅಲ್ಲ, ಗಡಿಯಾರವನ್ನು ಕರೆದು, "ನಿಂತು ನೋಡಿ ಕಲೀರಿ," ಅಂದರು.

ಆ ಹೊತ್ತಿಗೆ ನಾನು ಆಗಲ್ಲ ಅನ್ನಬಹುದಿತ್ತು. ಪೈಪುಗಳನ್ನು ಬರೀ ಸಲೈನಿನಲ್ಲಿ ತುಂಬಿಸಬಹುದಿತ್ತು, ನ್ಯಾಯವಾಗಿ ಹದಿನೈದು ನಿಮಿಷಕ್ಕೊಮ್ಮೆ ತೊಳೆಯಬಹುದಿತ್ತು. ಕಟ್ಟಿಕೊಂಡರೆ ಕಟ್ಟಿಕೊಳ್ಳುತ್ತಿತ್ತು. ಆದರೆ ಅವಳು ನೋಟ್‌ಬುಕ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರು ನನ್ನ ಫಿಲ್ಟರ್ ಕಟ್ಟಿಕೊಂಡರೆ? ಆ ಯೋಚನೆ ಬಂದ ಕೂಡಲೇ, "ಸ್ಟೋರಿಂದ ಇನ್ನೊಂದು ಸಲೈನ್ ಬ್ಯಾಗ್ ತಗೊಂಡ್ ಬಾಮ್ಮ," ಅಂತ ಅವಳನ್ನು ಕಳಿಸಿದೆ. ಅವಳು ಹೋಗಿ ಬರುವಷ್ಟರಲ್ಲಿ ಅರ್ಧ ಎಂ.ಎಲ್. ಹೋಗಿತ್ತು. ಒಬ್ಬ ಮನುಷ್ಯ ಒಳಗೆ ಸೋರುತ್ತಿದ್ದಾನೆ ಎಂದು ತಿಳಿದೂ, ನನ್ನ ಹೆಸರು ಕೆಡದಿರಲಿ ಎಂದು ಹಾಗೆ ಮಾಡಿದೆ. ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ಫಿಲ್ಟರ್ ಬೆಳ್ಳಗೇ ಬಂತು. ಆದರೆ ಸೂಜಿ ತೆಗೆದ ಮೇಲೆ ತೋಳಿನ ರಕ್ತ ನಿಲ್ಲಲಿಲ್ಲ. ಹತ್ತು ನಿಮಿಷ ಒತ್ತಿ ಹಿಡಿದರೆ ನಿಲ್ಲಬೇಕಾದ್ದು ನಲವತ್ತು ನಿಮಿಷವಾದರೂ ಹತ್ತಿಯನ್ನು ತೋಯಿಸುತ್ತಲೇ ಇತ್ತು. ಗಡಿಯಾರವೇ ಒತ್ತಿ ಹಿಡಿದುಕೊಂಡಿದ್ದಳು. ಟೈಮರ್ ನೋಡಿದಳು. ಹತ್ತಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹೆಪಾರಿನ್ ಇಲ್ದೇನೇ ಇಷ್ಟೊತ್ತಾ ಅಣ್ಣಾ?" ಅಂದಳು ಮೆಲ್ಲಗೆ.

"ಕಿಡ್ನಿ ಕೆಟ್ಟೋರ ರಕ್ತ ಹಂಗೇ," ಅಂದೆ.

ಅವಳು ಹೊಸ ಹತ್ತಿ ಇಟ್ಟು ಮತ್ತೆ ಒತ್ತಿದಳು. ಆ ದಿನ ನೋಟ್‌ಬುಕ್ಕಿನಲ್ಲಿ ಏನನ್ನೂ ಬರೆದುಕೊಳ್ಳಲಿಲ್ಲ.

ಸಂಜೆಯೊಳಗೆ ಟೈಲರ್‌ಗೆ ಮತ್ತೆ ರಕ್ತವಾಂತಿ. ಮತ್ತೆ ಕ್ಯಾಮೆರಾ ಬಿಟ್ಟರು. ಕ್ಲಿಪ್ ಇದ್ದಲ್ಲೇ ಇದೆ, ಆದರೂ ಸುತ್ತ ಒಸರುತ್ತಿದೆ. ಹೆಪಾರಿನ್ ಕೊಟ್ಟಿಲ್ಲ, ಕ್ಲಿಪ್ ಜಾರಿಲ್ಲ, ಪರೀಕ್ಷೆ ಸರಿಯಿದೆ. ಹಾಗಾದರೆ ಹುಣ್ಣೇ ಹಟಮಾರಿ ಎಂದು ಎಲ್ಲರೂ ತೀರ್ಮಾನಿಸಿದರು. ಶುಕ್ರವಾರ ಬೆಳಿಗ್ಗೆ ಹೊಟ್ಟೆ ಕೊಯ್ದು ಆ ಭಾಗ ತೆಗೆಯುವುದು ಎಂದಾಯಿತು. ಅವರ ಹೃದಯ ಮೊದಲೇ ಸೋತಿತ್ತು. ಮೇಜಿನಿಂದ ಎದ್ದು ಬರುವುದು ಅರ್ಧಕ್ಕರ್ಧ ಎಂದು ಡಾಕ್ಟರಮ್ಮನೇ ಹೇಳಿದ್ದನ್ನು ಕೇಳಿಸಿಕೊಂಡೆ.

ಗುರುವಾರ ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಟೈಲರ್ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದರು.

"ಆಪರೇಷನ್‌ಗೆ ಮುಂಚೆ ಇವತ್ತೊಂದ್ಸಲ ಡಯಾಲಿಸಿಸ್ ಮಾಡ್ಬೇಕಂತೆ ಅಣ್ಣಾ. ನೀವೇ ಮಾಡ್ತೀರಲ್ಲ? ನಿಮ್ ಕೈ ತಾಗಿ ಹೋದ್ರೆ ಒಳಗೂ ಒಳ್ಳೇದಾಗುತ್ತೆ ಅಂತ ಇವ್ರು ಹೇಳ್ತಿದಾರೆ."

ಬಟ್ಟೆ ಬದಲಿಸುವ ಕೋಣೆಗೆ ಹೋಗಿ ಬೆಂಚಿನ ಮೇಲೆ ಕೂತೆ. ಮೈಮೇಲೆ ಅದೇ ಬಿಳಿ ಅಂಗಿ ಇತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಇಪ್ಪತ್ತೆರಡು ವರ್ಷದ ಹೆಸರು ನೀರಲ್ಲಿ ಹೋಮವಾಗುತ್ತದೆ. ಬಿಡದಿದ್ದರೆ ಆ ಮನುಷ್ಯನ ಹೊಟ್ಟೆ ಕೊಯ್ಯುತ್ತಾರೆ, ಸತ್ತರೆ ಆಯಸ್ಸೇ ಅಷ್ಟು ಅಂತ ಯಾರೋ ನನ್ನ ಕೈಯನ್ನೇ ಕಣ್ಣಿಗೊತ್ತಿಕೊಳ್ಳುತ್ತಾರೆ. ಬೇರೆ ಎಲ್ಲವನ್ನೂ ಸಹಿಸಬಹುದು ಅನ್ನಿಸಿತು, ಆ ಎರಡನೆಯದನ್ನು ಸಹಿಸಲಾರೆ ಅನ್ನಿಸಿತು. ನಾನು ಎದ್ದದ್ದು ಧೈರ್ಯದಿಂದಲ್ಲ.

ಡಾಕ್ಟರಮ್ಮನ ಕೋಣೆಗೆ ಹೋದೆ. ಆಕೆ ಫೈಲಿನಿಂದ ತಲೆಯೆತ್ತಿ, "ಬನ್ನಿ ಬನ್ನಿ, ಈ ಕೇಸಲ್ಲಿ ನೀವೊಬ್ರೇ ನಂಗೆ ತಲೆನೋವು ಕೊಡದೇ ಇರೋರು," ಅಂದರು.

ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಸೋಮವಾರದ್ದು, ಬುಧವಾರದ್ದು, ಎಂಟು ವರ್ಷದ್ದು. ಆಕೆ ಬೈಯಲಿಲ್ಲ. ಮೊದಲು ಫೋನ್ ಎತ್ತಿ ಸರ್ಜನ್ನಿಗೆ ನಾಳೆಯ ಆಪರೇಷನ್ ಸದ್ಯಕ್ಕೆ ನಿಲ್ಲಿಸಿ ಅಂದರು. ಇನ್ನೊಂದು ಫೋನ್ ಮಾಡಿ, ಇವತ್ತು ಟೈಲರ್ ಬೆಡ್ಡಿಗೆ ಗಡಿಯಾರವನ್ನು ಹಾಕಿ ಅಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ಜನಕ್ಕೆ?"

"ಲೆಕ್ಕ ಇಟ್ಟಿಲ್ಲ ಮೇಡಂ."

"ಆ ಕಂಡಕ್ಟರ್? ತಲೆಗೆ ಪೆಟ್ಟಾಗಿತ್ತಲ್ಲ?"

ಎಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಾನು ನನಗೇ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಯಾಕೆ ಕೇಳಿಕೊಂಡಿರಲಿಲ್ಲ ಎಂಬುದು ಆ ಕ್ಷಣ ಗೊತ್ತಾಯಿತು.

"ಅವನಿಗೂ," ಅಂದೆ.

ಆಕೆ ಮುಂದಿದ್ದ ಫೈಲ್ ಮುಚ್ಚಿದರು. "ಹೊರಗಡೆ ಕೂತ್ಕೊಳಿ. ರಿಪೋರ್ಟ್ ಬರೆದು ಕರೀತೀನಿ. ಇವತ್ತಿಂದ ಯಾವ ಮೆಷಿನ್ನೂ ಮುಟ್ಬೇಡಿ," ಅಂದರು.

ಡಯಾಲಿಸಿಸ್ ಘಟಕದ ಗಾಜಿನ ಬಾಗಿಲಿನ ಹೊರಗೆ, ರೋಗಿಗಳ ಮನೆಯವರು ಕೂರುವ ಬೆಂಚಿನ ಮೇಲೆ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ಆ ಕಡೆಯಿಂದ ನಾನು ಒಳಗೆ ನೋಡಿದ್ದೇ ಇಲ್ಲ. ಗಡಿಯಾರ ಸ್ಟೂಲಿನ ಮೇಲೆ ಕೂತು ಫಿಲ್ಟರನ್ನೇ ನೋಡುತ್ತಿದ್ದಳು. ಟೈಮರಿನ ಟಿಣ್ ಹೊರಗೂ ಕೇಳುತ್ತಿತ್ತು. ಪ್ರತಿ ಸಲವೂ ಅವಳು ಎದ್ದು ಸಲೈನ್ ಬಿಡುತ್ತಿದ್ದಳು, ಬಗ್ಗಿ ಬಣ್ಣ ನೋಡುತ್ತಿದ್ದಳು, ಬರೆಯುತ್ತಿದ್ದಳು. ಬೆನ್ನು ನೋಯುತ್ತಿತ್ತೋ ಏನೋ, ಸೊಂಟದ ಮೇಲೆ ಕೈಯಿಟ್ಟುಕೊಂಡು ಏಳುತ್ತಿದ್ದಳು. ನಾನು ಹನ್ನೆರಡು ಟಿಣ್ ಎಣಿಸಿದೆ. ಹದಿಮೂರನೆಯದು ಬರುವ ಮೊದಲೇ ಮೆಷಿನ್ ಕಿರುಚಿತು. ಫಿಲ್ಟರ್ ಕಪ್ಪಗಾಗಿತ್ತು. ಅವಳು ಎಲ್ಲವನ್ನೂ ಸರಿಯಾಗಿ ಮಾಡಿದ್ದಳು, ಆದರೂ ಕಟ್ಟಿಕೊಂಡಿತ್ತು.

ಟೈಲರ್ ಹೆಂಡತಿ ಹೊರಗೆ ಬಂದು ನನ್ನ ಪಕ್ಕ ಕುಸಿದು ಕೂತರು. ಆಪರೇಷನ್ ನಿಂತಿದೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು, ಯಾಕೆಂದು ಯಾರೂ ಇನ್ನೂ ಹೇಳಿರಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡರು.

"ನೋಡಿದ್ರಾ ಅಣ್ಣಾ, ಆಯಮ್ಮ ಕೆಡಿಸಿಟ್ಟಳು. ಅಷ್ಟು ರಕ್ತ ಹೋಯ್ತು. ನಿಮ್ ಕೈಯಲ್ಲಾಗಿದ್ರೆ ಹಿಂಗಾಗ್ತಿತ್ತಾ?"

ಗಡಿಯಾರ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಳು. ಅವಳ ಕಣ್ಣು ಕೆಂಪಾಗಿತ್ತು, ಆದರೂ ಬಾಯಿ ಬಿಡಲಿಲ್ಲ. ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳುವುದಿಲ್ಲ, ನಾನೇ ಹೇಳಬೇಕು ಎಂದು ತಿಳಿಯಿತು.

"ಇಲ್ಲಮ್ಮ," ಅಂದೆ. "ಅವಳು ಮಾಡಿದ್ದೇ ಸರಿ. ನಾನು ಮೋಸ ಮಾಡ್ತಿದ್ದೆ. ಹಾಕ್ಬಾರ್ದು ಅಂದಿದ್ದ ಔಷಧೀನ ಕದ್ದು ಹಾಕ್ತಿದ್ದೆ. ಅವರಿಗೆ ಮತ್ತೆ ಮತ್ತೆ ರಕ್ತ ಬಂದಿದ್ದು ನನ್ನಿಂದ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ.

"ಸೋಮವಾರಾನಾ?" ಅಂದರು.

"ಬುಧವಾರಾನೂ."

"ಬುಧವಾರ ನಾನೇ ನಿಮ್ಮನ್ನ ಕೇಳ್ಕೊಂಡಿದ್ದು," ಅಂದರು. ನನ್ನ ಮೊಣಕೈ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಅದನ್ನೇ ನೋಡುತ್ತಾ ಕೂತರು. ಬೈದಿದ್ದರೆ, ಹೊಡೆದಿದ್ದರೆ ನನಗೆ ಹಗುರಾಗುತ್ತಿತ್ತು. ಎದ್ದು ಒಳಗೆ ಹೋದರು. ಗಡಿಯಾರದ ಪಕ್ಕ ಹಾಯುವಾಗ ಅವಳ ಭುಜ ಮುಟ್ಟಿ ಏನೋ ಹೇಳಿದರು. ಆಮೇಲೆ ಗಂಡನ ಕಿವಿಯ ಹತ್ತಿರ ಬಗ್ಗಿ ಮಾತಾಡಿದ್ದು ಗಾಜಿನಲ್ಲಿ ಕಂಡಿತು. ಟೈಲರ್ ತಲೆ ಹೊರಳಿಸಿ ಬಾಗಿಲಿನ ಕಡೆ ನೋಡಿದರು. ನಾನು ಅಲ್ಲಿಂದ ಎದ್ದು ಹೋಗಲಿಲ್ಲ. ಓಡಿಹೋಗುವ ಹಕ್ಕು ನನಗಿಲ್ಲ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ಗಡಿಯಾರ ಹೊರಗೆ ಬಂದಳು. "ಆ ಅಂಗಿ ಬಿಚ್ಚಿ ಕೊಡ್ಬೇಕಂತೆ ಅಣ್ಣಾ. ಅವರು ಕೇಳ್ತಿದಾರೆ."

ಮೈಮೇಲಿದ್ದ ಅಂಗಿಯನ್ನು ಅಲ್ಲೇ ಬಿಚ್ಚಿ ಕೊಟ್ಟು, ಬನಿಯನ್ನಿನಲ್ಲಿ ಕೂತೆ. ಕಾರಿಡಾರಿನಲ್ಲಿ ಹೋಗುವವರೆಲ್ಲ ತಿರುಗಿ ನೋಡುತ್ತಿದ್ದರು. ಕೊಟ್ಟಿದ್ದನ್ನು ವಾಪಸ್ ತೆಗೆದುಕೊಂಡರು, ತಪ್ಪೇನಿಲ್ಲ ಅಂದುಕೊಂಡೆ.

ಅರ್ಧ ಗಂಟೆಯ ಮೇಲೆ ಅವಳು ಅಂಗಿಯನ್ನು ಮಡಚಿಕೊಂಡು ಮತ್ತೆ ತಂದಳು. ಅದರ ಮೇಲೆ ಭುಜದೊಳಗಿನ ಪಟ್ಟಿಯನ್ನು ಬೇರೆಯಾಗಿ ಇಟ್ಟಿದ್ದರು. ಟೈಲರ್ ನರ್ಸ್ ಹತ್ತಿರ ಸಣ್ಣ ಕತ್ತರಿ ಇಸಿದುಕೊಂಡು, ಮಲಗಿದಲ್ಲೇ ಹೊಲಿಗೆ ಬಿಚ್ಚಿದ್ದರು.

"ಈಗ ಹಾಕ್ಕೊಳ್ಳಿ ಅಂದ್ರು," ಅಂದಳು. "ಇನ್ನು ಮುಚ್ಚೋದು ಬೇಡ ಅಂದ್ರು."

ಹಾಕಿಕೊಂಡೆ. ಎಡಭುಜ ಅರ್ಧ ಇಂಚು ಕೆಳಗೆ ಬಿತ್ತು.

ಆಪರೇಷನ್ ಬೇಕಾಗಲಿಲ್ಲ. ಭಾನುವಾರದ ಹೊತ್ತಿಗೆ ರಕ್ತ ತಾನಾಗಿ ನಿಂತಿತು, ಟೈಲರ್ ಬದುಕಿದರು. ನನ್ನ ಕೆಲಸ ಹೋಯಿತು, ವಿಚಾರಣೆ ಇನ್ನೂ ನಡೆಯುತ್ತಿದೆ. ಎಂಟು ವರ್ಷದ ಫೈಲುಗಳನ್ನು ತೆಗೆದಿದ್ದಾರಂತೆ. ಕರೆದಾಗಲೆಲ್ಲ ಹೋಗುತ್ತೇನೆ, ಆ ಅಂಗಿಯನ್ನೇ ಹಾಕಿಕೊಂಡು ಹೋಗುತ್ತೇನೆ. ಕಂಡಕ್ಟರ್‌ನ ತಾಯಿಯ ವಿಳಾಸ ವಿಚಾರಣೆಯಲ್ಲಿ ನನ್ನ ಮುಂದಿಟ್ಟ ಅವನ ಫೈಲಿನಲ್ಲೇ ಇತ್ತು. ಮೊನ್ನೆ ಅವರ ಮನೆಯ ಬಾಗಿಲು ತಟ್ಟಿದೆ. ಆಕೆ ಬಾಗಿಲು ತೆಗೆದು, ನನ್ನನ್ನು ಗುರುತು ಹಿಡಿದು, "ಬಾ ಮಗಾ," ಅಂತ ನನ್ನ ಕೈ ಹಿಡಿಯೋಕೆ ಬಂದರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಹೊಸ್ತಿಲ ಹೊರಗೇ ನಿಂತು ಹೇಳಲು ಶುರುಮಾಡಿದೆ.